ಗೋಡೆ ದಾಟುವ ಹಸಿರು

ಯೆವಾಂಡೆ ಬಾಗಿಲು ತೆಗೆದು ಹೊರಬಂದಾಗ ಆಸ್ಪತ್ರೆಯ ಕಾರಿಡಾರಿನ ನೆಲದ ಮೇಲೆ ಒಬ್ಬ ಎತ್ತರದ ಗಂಡಸು ಉದ್ದಕ್ಕೂ ಬೋರಲು ಬಿದ್ದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಬೂಟು, ಎದೆ ನೆಲಕ್ಕೆ ಅಂಟಿತ್ತು. ಹಿರಿಯರಿಗೆ ಹೀಗೆ ದೀರ್ಘದಂಡ ಹಾಕುವುದು ಇಬಾದಾನ್ ಊರಿನಲ್ಲಿ ದಿನಾ ಕಾಣುವ ಸಂಗತಿ. ಆದರೆ ಇವನು ಅಡ್ಡಬಿದ್ದಿದ್ದು ಮಂಡಿನೋವಿನ ಮಾತ್ರೆಗೆಂದು ಬಂದು ದಾರಿ ತಪ್ಪಿದ್ದ ಯಾವನೋ ಮುದುಕನಿಗೆ.

“ಡಾಕ್ಟರ್ ಲಾಡಿಪೊ ಅವರೇ, ನಮ್ಮಕ್ಕ ಅಬೆನಿ ವಿಚಾರವಾಗಿ ಒಂದು ಮಾತು...” ಎಂದು ಅವನು ನೆಲಕ್ಕೆ ಹೇಳುತ್ತಿದ್ದ.

“ಎದ್ದೇಳಿ. ಈಗಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದಾರೆ,” ಎಂದಳು ಯೆವಾಂಡೆ. “ಲಾಡಿಪೊ ನಾನು.”

ಅವನು ತಲೆಯೆತ್ತಿದ. ಮೊದಲು ಅವಳ ಚಪ್ಪಲಿ ಕಂಡಿತು, ಆಮೇಲೆ ಬಿಳಿ ಕೋಟು, ಆಮೇಲೆ ಮುಖ. ಮುಖ ಕಂಡ ಮೇಲೆ ಎದ್ದು ನಿಲ್ಲುವುದನ್ನೇ ಮರೆತ.

“ಗಂಡಸರು ಅಂದ್ಕೊಂಡಿದ್ದೆ. ರಿಪೋರ್ಟಿನ ಸಹಿ ನೋಡಿ...”

“ಸಹಿಗೆ ಮೀಸೆ ಇತ್ತಾ?”

ಮುದುಕನಿಗೆ ಮಾತ್ರ ಆ ದಿನ ಸಾರ್ಥಕವಾಗಿತ್ತು. “ಒಳ್ಳೇ ಮನೆ ಹುಡುಗ. ಬೇಗ ಮದುವೆ ಆಗ್ಲಿ ನಿಂಗೆ,” ಎಂದು ಹರಸಿ ಕುಂಟುತ್ತಾ ಹೋದ.

ಎದ್ದು ನಿಂತವನ ಅಂಗಿಯ ಮುಂಭಾಗವೆಲ್ಲ ಒದ್ದೆ. ಯೆವಾಂಡೆಗೆ ನಗು ಬಂತು, ತಡೆದುಕೊಂಡಳು. ಅಬೆನಿ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಈ ಮಾತು ನಗುವಿನಲ್ಲಿ ಮುಗಿಯುವುದಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

ಅಬೆನಿ ಬಟ್ಟೆಗೆ ನೀಲಿ ಬಣ್ಣ ಹಾಕಿ ಮಾರುವ ಹೆಂಗಸು. ಚಿಕ್ಕಂದಿನಲ್ಲಿ ಬಂದಿದ್ದ ಕೀಲುಜ್ವರ ಅವಳ ಹೃದಯದ ಒಂದು ಬಾಗಿಲನ್ನು, ಎಂದರೆ ಕವಾಟವನ್ನು, ಕೆಡಿಸಿಬಿಟ್ಟಿತ್ತು. ಈಗ ಬಣ್ಣದ ಮಡಕೆಯ ತನಕ ನಡೆದರೆ ಏದುಸಿರು, ಮಲಗಿದರೆ ಉಸಿರುಕಟ್ಟು. ಬಾಗಿಲು ಬರೀ ಅಂಟಿಕೊಂಡಿದ್ದರೆ, ಅಕ್ರಾದಿಂದ ವರ್ಷಕ್ಕೊಮ್ಮೆ ಬರುವ ಸರ್ಜನ್ ಕ್ವಾರ್ಟಿ ಎದೆ ತೆರೆದು ಬೆರಳು ತೂರಿಸಿ ಬಿಡಿಸುತ್ತಿದ್ದರು. ಆದರೆ ಬಾಗಿಲು ಸೋರುತ್ತಿದ್ದರೆ, ಅದನ್ನು ಇನ್ನಷ್ಟು ತೆರೆದವರ ಕೈಯಲ್ಲೇ ಜೀವ ಹೋಗುತ್ತಿತ್ತು. ಅಂಟಿದೆಯೋ ಸೋರುತ್ತಿದೆಯೋ ಎಂದು ಹೇಳಬೇಕಾದವಳು ಯೆವಾಂಡೆ. ಸೋರುತ್ತಿದೆ ಎಂದು ಬರೆದು ಸಹಿ ಹಾಕಿದ್ದಳು. ಅಬೆನಿಗೆ ಈ ಸಲ ಆಪರೇಷನ್ ಇಲ್ಲ ಎಂದಾಗಿತ್ತು. ಇನ್ನೊಂದು ವರ್ಷ ಅವಳು ಕಾಯುವಂತಿರಲಿಲ್ಲ.

“ಅಕ್ಕನ್ನ ಮನೆಗೆ ಕರ್ಕೊಂಡು ಹೋಗಿ ಅಂದ್ರಂತೆ,” ಎಂದ ಅವನು. ಧ್ವನಿ ಮೆತ್ತಗಿತ್ತು, ಕಣ್ಣು ಮೆತ್ತಗಿರಲಿಲ್ಲ. “ಮನೆಗೆ ಅಂದ್ರೆ ಎಲ್ಲಿಗೆ ಅಂತ ನನಗೂ ಅರ್ಥ ಆಗುತ್ತೆ. ನಾನು ದುರೊಜಾಯೆ, ದುರೊ ಅಂತಾರೆ, ಯೂನಿವರ್ಸಿಟಿಲಿ ಫಿಸಿಕ್ಸ್ ಹೇಳ್ಕೊಡ್ತೀನಿ. ಆ ರಿಪೋರ್ಟಿನ ಗ್ರಾಫ್ ಒಂದ್ಸಲ ತೋರಿಸ್ತೀರಾ?”

“ಫಿಸಿಕ್ಸ್‌ನೋರಿಗೆ ಹೃದಯದ ಬಗ್ಗೆ ಏನು ಗೊತ್ತು?”

“ಏನೂ ಗೊತ್ತಿಲ್ಲ. ಅದಕ್ಕೇ ಇಷ್ಟು ವರ್ಷ ಒಬ್ಬನೇ ಇದೀನಿ.”

ಬೇರೆ ಯಾರಾಗಿದ್ದರೂ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇವನಿಗೆ ಹಾಕಲಿಲ್ಲ. ಯಾಕೆ ಎಂದು ಆಮೇಲೆ ತನ್ನನ್ನೇ ಕೇಳಿಕೊಂಡಾಗ, ಪಾಪ, ಅಂಗಿ ಒದ್ದೆಯಾಗಿತ್ತಲ್ಲ ಎಂದು ಸುಳ್ಳು ಹೇಳಿಕೊಂಡಳು.

ಒಳಗೆ ಬೇಯುವ ಸೆಕೆ. ಆ ಕೋಣೆಯ ಕೆಲಸ ಇಷ್ಟೇ: ರೋಗಿಯ ತೋಳಿಗೆ ಸ್ವಲ್ಪ ಹಸಿರು ಬಣ್ಣ ಚುಚ್ಚುವುದು. ಬಣ್ಣ ರಕ್ತದ ಜೊತೆ ಹೃದಯ ಹೊಕ್ಕು ಹೊರಬಂದು ಇನ್ನೊಂದು ಕೈಯ ಮಣಿಕಟ್ಟಿಗೆ ಹರಿಯುವಾಗ, ಅಲ್ಲಿಂದ ಟ್ಯೂಬಿನಲ್ಲಿ ರಕ್ತ ಎಳೆದು ಮೆಷಿನ್ನಿಗೆ ಕೊಡುವುದು. ಮೆಷಿನ್ನಿನ ಪೆನ್ನು ಕಾಗದದ ಮೇಲೆ ಗುಡ್ಡ ಬರೆಯುತ್ತದೆ. ಬಣ್ಣ ಒಟ್ಟಿಗೆ ಬಂದರೆ ಕಡಿದಾದ ಗುಡ್ಡ. ಬಾಗಿಲು ಸೋರಿ ರಕ್ತ ಹಿಂದಕ್ಕೂ ಮುಂದಕ್ಕೂ ಹೊಯ್ದಾಡಿದರೆ ಬಣ್ಣ ಚದುರಿ, ಗುಡ್ಡ ಕುಸಿದು, ಉದ್ದ ಬಾಲದ ದಿಬ್ಬವಾಗುತ್ತದೆ. ಅಬೆನಿಯದು ದಿಬ್ಬವಾಗಿತ್ತು.

ದುರೊ ದಿಬ್ಬವನ್ನು ನೋಡಿದ. ಆಮೇಲೆ ಕೋಣೆಯನ್ನೆಲ್ಲ ನೋಡಿದ. “ಮೆಷಿನ್ ಎಲ್ಲಿ?”

“ಪಕ್ಕದ ರೂಮಲ್ಲಿ. ಇಲ್ಲಿನ ಸೆಕೆಗೆ ಅದರ ಪೆನ್ನು ಮನಸ್ಸಿಗೆ ಬಂದ ಹಾಗೆ ಅಲೆಯುತ್ತೆ. ಅದಕ್ಕೇ ಮಳೆಗಾಲದಲ್ಲಿ ನಮ್ಮ ಪ್ರೊಫೆಸರ್ ತಮ್ಮ ಆಫೀಸಿಗೆ ಬಂದ ಏರ್ ಕಂಡೀಷನರ್‌ನ ಅದಕ್ಕೇ ಬಿಟ್ಟುಕೊಟ್ರು. ಗೋಡೆಲಿ ತೂತು ಕೊರೆಸಿ ಟ್ಯೂಬ್ ಹಾಯಿಸಿದ್ದೀವಿ.”

“ಟ್ಯೂಬ್ ದಪ್ಪ ಇದೆ.”

“ಅಷ್ಟು ದೂರಕ್ಕೆ ಸಣ್ಣದು ಹಾಕಿದ್ರೆ ರಕ್ತ ಹೆಪ್ಪುಗಟ್ಟಿ ಕಟ್ಕೊಳ್ಳುತ್ತೆ.”

ಅವನು ಟ್ಯೂಬಿನ ಮೇಲೆ ಬೆರಳಾಡಿಸುತ್ತಾ ಗೋಡೆಯ ತನಕ ಹೋದ. ತೂತಿನೊಳಗೆ ಇಣುಕಿದ. ಅಲ್ಲಿಂದಲೇ, ಅವಳ ಕಡೆ ತಿರುಗದೆ ಕೇಳಿದ: “ಡಾಕ್ಟರೇ, ಬಣ್ಣ ಚದುರಿದ್ದು ನಮ್ಮಕ್ಕನ ಎದೆಲೋ, ಈ ಗೋಡೆಲೋ?”

ಯೆವಾಂಡೆ ಬಾಗಿಲು ತೆಗೆದು ಹಿಡಿದಳು.

“ಹೊರಗೆ ನಡೀರಿ,” ಎಂದಳು.

ಅವನು ಹೋದ. ಅವಳು ಬೀರು ತೆಗೆದು ಹಳೆಯ ಗ್ರಾಫುಗಳನ್ನು ಮೇಜಿನ ಮೇಲೆ ಹರಡಿಕೊಂಡಳು. ಗೋಡೆಗೆ ತೂತು ಬೀಳುವ ಮುಂಚೆ ಗುಡ್ಡಗಳೂ ಇದ್ದವು, ದಿಬ್ಬಗಳೂ ಇದ್ದವು. ಬಿದ್ದ ಮೇಲೆ ಒಂದಾದರೂ ಕಡಿದಾದ ಗುಡ್ಡವಿಲ್ಲ. ಇದನ್ನು ಅವಳು ಮೊದಲೂ ಗಮನಿಸಿದ್ದಳು. ಈ ವರ್ಷ ಬರುವವರೆಲ್ಲ ತೀರಾ ಕೆಟ್ಟವರಾಗಿಯೇ ಬರುತ್ತಿದ್ದಾರೆ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಮರುದಿನ ವಾರ್ಡಿಗೆ ಹೋದಾಗ ದುರೊ ಅಲ್ಲೇ ಇದ್ದ. ಅಕ್ಕನ ಬೆನ್ನ ಹಿಂದೆ ದಿಂಬುಗಳನ್ನು ಏರಿಸಿ, ಎಲೆಯಲ್ಲಿ ಬೇಯಿಸಿದ ಅಲಸಂದೆಯ ಕಡುಬನ್ನು ಚೂರು ಚೂರೇ ತಿನ್ನಿಸುತ್ತಿದ್ದ. ಹೊರಗೆ ಹರ್ಮತಾನ್ ಧೂಳುಗಾಳಿ ಬೀಸುತ್ತಿತ್ತು. ಕಿಟಕಿ ಮುಚ್ಚಿದ್ದರೂ ಅಬೆನಿಯ ತುಟಿ ಒಣಗಿ ಬಿರಿದಿತ್ತು. ಆ ತುಟಿಯಲ್ಲೇ ಅವಳು ನಕ್ಕಳು.

“ಬನ್ನಿ ಡಾಕ್ಟರಮ್ಮ. ಜೀವಮಾನವೆಲ್ಲ ನಾನು ಬಟ್ಟೆಗೆ ನೀಲಿ ಹಾಕ್ದೆ. ನೀವು ನೋಡಿದ್ರೆ ನನಗೇ ಹಸಿರು ಹಾಕಿದ್ರಿ. ಬಣ್ಣ ಹಿಡೀಲಿಲ್ಲವಂತೆ?”

“ಅಕ್ಕಾ, ಮಾತಾಡ್ಬೇಡ, ಉಸಿರು ಹೋಗುತ್ತೆ,” ಎಂದ ದುರೊ.

“ಇರೋ ಉಸಿರು ಮಾತಿಗಲ್ದೆ ಇನ್ಯಾತಕ್ಕೋ?” ಅಬೆನಿ ಸುಧಾರಿಸಿಕೊಂಡು ಯೆವಾಂಡೆಯ ಕಡೆ ತಿರುಗಿದಳು. “ನನ್ನ ಹಿಂದೆ ಹುಟ್ಟಿದೋರು ಯಾರೂ ಉಳೀಲಿಲ್ಲ. ಅದಕ್ಕೇ ಇವನಿಗೆ ‘ಇದ್ದು ಬಾಳು’ ಅಂತ ಅರ್ಥ ಬರೋ ಹೆಸರಿಟ್ರು. ಬೆನ್ನಿಗೆ ಕಟ್ಕೊಂಡು ಬೆಳೆಸಿದ್ದು ನಾನು. ಈಗ ನಾನು ಹೊರಟು ನಿಂತ್ರೆ ನನಗೇ ಇದ್ದು ಬಾಳು ಅಂತಾನೆ. ಅದಿರ್ಲಿ, ನಿಮ್ಮ ಒರಿಕಿ ಏನು?”

ಒರಿಕಿ ಎಂದರೆ ಮುದ್ದಿನ ಹೆಸರು. ಹುಟ್ಟಿದ ಹೆಣ್ಣುಮಗುವಿಗೆ ಹಿರಿಯರು ಇಡುವುದು. ತಾಯಿ ಕರೆಯುತ್ತಾಳೆ, ಅಜ್ಜಿ ಕರೆಯುತ್ತಾಳೆ, ಮುಂದೆ ಗಂಡ ಕರೆಯುತ್ತಾನೆ. ಕರೆದರೆ ಎಂಥ ಗಟ್ಟಿ ಹೆಣ್ಣೂ ಮೆತ್ತಗಾಗುತ್ತಾಳೆ ಎಂದು ಪ್ರತೀತಿ.

“ಅದೆಲ್ಲ ಮನೆಯೋರಿಗೆ,” ಎಂದಳು ಯೆವಾಂಡೆ, ಅಬೆನಿಯ ನಾಡಿ ಹಿಡಿದು.

“ನಂದು ನೋಡಿ, ಅಬೆನಿ ಅಂತ ಇಡೀ ಸಂತೇನೇ ಕರೆಯುತ್ತೆ. ಸಾಲಕ್ಕೆ ಬಟ್ಟೆ ಕೇಳೋನೂ ಕರೀತಾನೆ.”

“ಅದಕ್ಕೇ ಎಲ್ಲರಿಗೂ ಸಾಲ ಕೊಟ್ಟಿದೀಯ,” ಎಂದ ದುರೊ.

ಯೆವಾಂಡೆಗೆ ಈ ಸಲ ನಗು ತಡೆಯಲಾಗಲಿಲ್ಲ. ನಕ್ಕು ತಲೆಯೆತ್ತಿದರೆ ಅವನು ಕಣ್ಣು ಮಿಟುಕಿಸದೆ ಅವಳ ನಗುವನ್ನೇ ನೋಡುತ್ತಿದ್ದ. ಅವಳು ನಾಡಿಯ ಲೆಕ್ಕ ತಪ್ಪಿದಳು, ಮತ್ತೆ ಮೊದಲಿನಿಂದ ಶುರುಮಾಡಿದಳು. ಅಬೆನಿ ಎರಡನ್ನೂ ನೋಡಿ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ನಟಿಸಿದಳು.

ವರಾಂಡದಲ್ಲಿ ಅವನು ಹಿಂದೆಯೇ ಬಂದ. “ನಿನ್ನೆ ಗೋಡೆ ವಿಷಯ ಹಾಗೆ ಹೇಳಬಾರದಿತ್ತು. ಆದ್ರೆ...”

“ಆದ್ರೆ ಪೂರ್ತಿ ಹೇಳಿ,” ಎಂದಳು ಅವಳು. “ರಾತ್ರಿ ನಿದ್ದೆ ಬರಲಿಲ್ಲ.”

“ಶನಿವಾರ ನೀವು ಗೆಳತಿಯರ ಗುಂಪು ಕಟ್ಕೊಂಡು ಡುಗ್ಬೆ ಸಂತೆಗೆ ಹೋಗ್ತೀರ ಅಂದ್ಕೊಳ್ಳಿ. ರಸ್ತೆ ನಡುವೆ ಇರೋರನ್ನ ಜನಜಂಗುಳಿ ತಳ್ಕೊಂಡು ಹೋಗುತ್ತೆ. ಅಂಚಲ್ಲಿರೋರು ಒಂದೊಂದು ಅಂಗಡಿ ಮುಂದೂ ನಿಂತುಬಿಡ್ತಾರೆ. ಕೊನೆಗೆ ಏನಾಗುತ್ತೆ?”

“ಮೊದಲನೆಯೋಳು ಬಸ್ ಸ್ಟಾಪಲ್ಲಿರ್ತಾಳೆ, ಕಡೆಯೋಳು ಇನ್ನೂ ಮೆಣಸಿನಕಾಯಿ ಚೌಕಾಸಿ ಮಾಡ್ತಿರ್ತಾಳೆ.”

“ಟ್ಯೂಬಲ್ಲೂ ಅಷ್ಟೇ. ನಡುವಿನ ರಕ್ತ ಓಡುತ್ತೆ, ಅಂಚಿಂದು ಗೋಡೆಗೆ ಅಂಟಿ ತೆವಳುತ್ತೆ. ಅದರ ಜೊತೆ ಬಣ್ಣಾನೂ ಉದ್ದಕ್ಕೆ ಎಳೆದುಹೋಗುತ್ತೆ. ಕಾಪಾಡೋದು ಒಂದೇ, ಡಿಫ್ಯೂಷನ್. ಬಣ್ಣದ ಕಣ ಇದ್ದಲ್ಲಿ ಇರಲ್ಲ. ಅಂಚಿಂದು ನಡುವಿಗೆ ಬರುತ್ತೆ, ನಡುವಿಂದು ಅಂಚಿಗೆ ಹೋಗುತ್ತೆ. ಎಲ್ಲಕ್ಕೂ ಸ್ವಲ್ಪ ಓಟ, ಸ್ವಲ್ಪ ತೆವಳಾಟ. ಗುಂಪು ಹೆಚ್ಚುಕಮ್ಮಿ ಒಟ್ಟಿಗೆ ಬರುತ್ತೆ.”

“ಡಿಫ್ಯೂಷನ್ ಚದುರಿಸುತ್ತೆ ಅಂತ ಓದಿದ್ದೆ.”

“ಚದುರಿಸುತ್ತೆ. ಆದ್ರೆ ಹರಿಯೋ ಕಡೆ, ಅಡ್ಡಡ್ಡ ಬೆರೆಸಿ ಉದ್ದಕ್ಕೆ ಚೆಲ್ಲಾಪಿಲ್ಲಿ ಆಗದ ಹಾಗೆ ನೋಡ್ಕೊಳ್ಳೋದೂ ಅದೇ. ಸಣ್ಣ ಟ್ಯೂಬಲ್ಲಿ ಅಂಚಿಂದ ನಡುವಿಗೆ ದೂರ ಕಮ್ಮಿ, ಬೇಗ ದಾಟುತ್ತೆ. ನಿಮ್ಮದು ದಪ್ಪ. ದಾಟೋಕೆ ಸಮಯಾನೇ ಸಿಗಲ್ಲ, ಅಷ್ಟರಲ್ಲಿ ಎಳೆದು ಹಿಗ್ಗಿಹೋಗಿರುತ್ತೆ.”

ಅವಳು ಕಂಬಕ್ಕೆ ಒರಗಿ ನಿಂತಳು. ಧೂಳಿನಲ್ಲಿ ಊರಿನ ತಗಡಿನ ಸೂರುಗಳು ಮಸುಕಾಗಿದ್ದವು.

“ನೀವು ಹೇಳೋದು ಸರಿ ಇರಬಹುದು. ಆದ್ರೆ ಪ್ರೊಫೆಸರ್ ಅಕಿನ್ಲಬಿ ಸಂತೆ ಕಥೆ ಕೇಳಲ್ಲ, ಗ್ರಾಫ್ ಕೇಳ್ತಾರೆ,” ಎಂದಳು. “ಏನೂ ಕಾಯಿಲೆ ಇಲ್ಲದ ಒಂದು ಹೃದಯ ಬೇಕು. ಅದರ ರಕ್ತ ಈ ಟ್ಯೂಬಲ್ಲಿ ಹಾಯಿಸಿದಾಗಲೂ ದಿಬ್ಬವೇ ಬಂದ್ರೆ...”

ದುರೊ ಆಗಲೇ ಅಂಗಿಯ ತೋಳು ಮಡಚುತ್ತಿದ್ದ.

ಪ್ರೊಫೆಸರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರೆ ಒಂದು ನಿದ್ದೆ ಮುಗಿಸಿಯೇ ಬರುವುದು. ಪರೀಕ್ಷೆ ಆ ಹೊತ್ತಿನಲ್ಲಿ ನಡೆಯಿತು. ಹಸಿರು ಬಣ್ಣ ಚುಚ್ಚಲು ಹಳೆಯ ನರ್ಸಮ್ಮ ಒಪ್ಪಿದಳು. ಮಣಿಕಟ್ಟಿನ ಸೂಜಿ ಯೆವಾಂಡೆಯದು.

ಅವಳು ದಿನಕ್ಕೆ ಎಷ್ಟೋ ಕೈ ಹಿಡಿಯುವವಳು. ಆದರೂ ಅವನ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಮಣಿಕಟ್ಟಿನ ಮಿಡಿತ ಹುಡುಕಲು ಎರಡೆರಡು ಸಲ ಬೆರಳಿಟ್ಟು ನೋಡಿದಳು. ಅವನ ಹೆಬ್ಬೆರಳಿನ ಬುಡದಲ್ಲಿ ಸೀಮೆಸುಣ್ಣದ ಬಿಳುಪು ಇನ್ನೂ ಇತ್ತು.

“ಸ್ವಲ್ಪ ನೋಯುತ್ತೆ.”

“ಪರವಾಗಿಲ್ಲ.”

“ನಾಡಿ ಯಾಕೆ ಹೀಗೆ ಓಡ್ತಿದೆ?”

“ಕೈ ಹಿಡಿದಿರೋರು ಯಾರು ಅಂತ ನೋಡ್ಕೊಳ್ಳಿ.”

“ಮಾತಾಡಬೇಡಿ. ಗ್ರಾಫ್ ಕೆಡುತ್ತೆ.”

“ಮಾತಾಡಿದ್ರೆ ಕೆಡಲ್ಲ. ನೀವು ಹಾಗೆ ನೋಡಿದ್ರೆ ಕೆಡಬಹುದು.”

ನರ್ಸಮ್ಮ ಗಂಟಲು ಸರಿಮಾಡಿಕೊಂಡಳು. ಯೆವಾಂಡೆ ಸೂಜಿ ಹಾಕಿದಳು. ರಕ್ತ ಟ್ಯೂಬಿನಲ್ಲಿ ಹರಿದು ಗೋಡೆಯ ತೂತಿನೊಳಗೆ ಹೋಯಿತು. ಪಕ್ಕದ ಕೋಣೆಯಲ್ಲಿ ಪೆನ್ನು ಕಿರ್ರೆಂದಿತು.

ಕಾಗದ ಹರಿದು ತಂದಾಗ ಅದರ ಮೇಲಿದ್ದುದು ದಿಬ್ಬ. ಅಬೆನಿಯದರಂತೆಯೇ ಕುಸಿದ ನೆತ್ತಿ, ಉದ್ದ ಬಾಲ. ಈ ಗ್ರಾಫ್ ನಂಬುವುದಾದರೆ, ಎದುರಿಗೆ ಕೂತು ಹಲ್ಲು ಬಿಡುತ್ತಿದ್ದ ಈ ಗಟ್ಟಿಮುಟ್ಟು ಗಂಡಸು ಬಹಳ ದಿನ ಬದುಕುವವನಲ್ಲ.

ಆಮೇಲೆ ಮೆಷಿನ್ನನ್ನು ತಳ್ಳುಗಾಡಿಯ ಮೇಲೆ ಸೆಕೆಯ ಕೋಣೆಗೇ ತಂದರು. ಅದರ ತಲೆ ಕೆಡುವ ಮುಂಚೆ ಗಡಿಬಿಡಿಯಲ್ಲಿ, ಬೀರುವಿನಲ್ಲಿದ್ದ ಹಳೆಯ ಸಣ್ಣ ಟ್ಯೂಬನ್ನು ಗೇಣುದ್ದ ಕತ್ತರಿಸಿ ಜೋಡಿಸಿದರು. ನರ್ಸಮ್ಮ ಮತ್ತೆ ಬಣ್ಣ ಚುಚ್ಚಿದಳು. ಪೆನ್ನು ನೇರ ಮೇಲಕ್ಕೆ ನೆಗೆಯಿತು, ಅಷ್ಟೇ ನೇರ ಇಳಿಯಿತು. ಕಡಿದಾದ, ಚೂಪಾದ ಗುಡ್ಡ.

“ಗೆದ್ವಿ!” ಎಂದ ದುರೊ.

ಯೆವಾಂಡೆ ಅವನ ಮಣಿಕಟ್ಟಿಗೆ ಹತ್ತಿ ಒತ್ತಿ ಹಿಡಿದು ಪಟ್ಟಿ ಕಟ್ಟಿದಳು. ನರ್ಸಮ್ಮ ಹೊರಗೆ ಹೋದ ಮೇಲೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದು ಕೂತಳು.

“ಮಳೆಗಾಲದಿಂದ ಈಚೆಗೆ ಎಷ್ಟು ಜನರಿಗೆ ಮನೆಗೆ ಹೋಗಿ ಅಂದಿದೀನಿ ಗೊತ್ತಾ? ಒಬ್ಬರು ಸ್ಕೂಲ್ ಟೀಚರ್. ಕ್ರಿಸ್‌ಮಸ್‌ಗೆ ಮಕ್ಕಳ ಕೈಲಿ ನಾಟಕ ಆಡಿಸ್ಬೇಕು, ಅಷ್ಟರಲ್ಲಿ ವಾಸಿ ಮಾಡ್ತೀರಾ ಅಂತ ಕೇಳಿದ್ರು. ಕ್ರಿಸ್‌ಮಸ್‌ಗೆ ಮುಂಚೆನೇ ಹೋಗ್ಬಿಟ್ರು. ಸರ್ಜನ್ ಬರೋ ತನಕ ಇರ್ತಿದ್ರೋ ಇಲ್ವೋ, ಗೊತ್ತಿಲ್ಲ. ಆದ್ರೆ ಆಸೆ ಬಿಡಿ ಅಂತ ಹೇಳಿದ್ದು ನಾನು.”

ದುರೊ ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ಇಬ್ಬರ ತಲೆಯ ಮೇಲೆ ಆ ತೂತಿತ್ತು, ಅದರಿಂದ ಪಕ್ಕದ ಕೋಣೆಯ ತಣ್ಣನೆ ಗಾಳಿ ಸಣ್ಣಗೆ ಬರುತ್ತಿತ್ತು. ಅವನು ಮಾತಾಡದೆ ಕೂತಿದ್ದಷ್ಟು ಹೊತ್ತು ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತಾ ಹೋಯಿತು. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು, ಗೊತ್ತಾಗಿ ಭಯವಾಯಿತು.

“ನಾಳೆ ಕ್ವಾರ್ಟಿ ಬರ್ತಾರೆ. ಪ್ರೊಫೆಸರ್ ಮುಂದೆ ಇವನ್ನ ಇಡ್ತೀನಿ,” ಎಂದಳು. “ನೀವು ಈ ಕಡೆ ತಲೆ ಹಾಕಬಾರದು. ರೋಗಿ ತಮ್ಮನ ಮೇಲೆ ಮನಸ್ಸಾಗಿ ಗ್ರಾಫ್ ತಿದ್ದಿದಳು ಅಂತಾರೆ.”

“ಮನಸ್ಸಾಗಿದೆಯಾ?”

ಅವಳು ಎದ್ದು ಕೋಟಿನ ಧೂಳು ಕೊಡವಿದಳು. “ಅಕ್ಕನಿಗೆ ಊಟ ಕೊಡೋ ಹೊತ್ತಾಯ್ತು. ಹೋಗಿ.”

ಪ್ರೊಫೆಸರ್ ಅಕಿನ್ಲಬಿಯವರು ದೊಡ್ಡ ಮನುಷ್ಯ. ಸಣ್ಣತನವಿಲ್ಲ, ಕೋಪವಿದೆ. ಬೆಳಗಾಗೆದ್ದು ಟೆನಿಸ್ ಆಡುತ್ತಿದ್ದರು. ಆ ತಣ್ಣನೆ ಕೋಣೆ ಅವರ ಹೆಮ್ಮೆ. ಅತಿಥಿಗಳ್ಯಾರಿಗಾದರೂ ಆಸ್ಪತ್ರೆ ತೋರಿಸುವಾಗ ಮೊದಲು ಅಲ್ಲಿಗೇ ಕರೆದೊಯ್ಯುತ್ತಿದ್ದರು. ಮರುದಿನ ಸರ್ಜನ್ ಕ್ವಾರ್ಟಿಯವರನ್ನೂ ಕರೆತಂದರು. ಕ್ವಾರ್ಟಿ ಕುಳ್ಳಗೆ, ಮಿತಭಾಷಿ. ಯೆವಾಂಡೆ ಆ ಎರಡು ಗ್ರಾಫುಗಳನ್ನು ಅವರಿಬ್ಬರ ಮುಂದೆ ಇಟ್ಟು, ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಪ್ರೊಫೆಸರ್ ಎರಡು ಗ್ರಾಫುಗಳನ್ನೂ ಎತ್ತಿ ಬೆಳಕಿಗೆ ಹಿಡಿದರು.

“ಅಂದ್ರೆ ಮಳೆಗಾಲದಿಂದ ನಾವು ಮಾಡಿದ್ದೆಲ್ಲ ಸುಳ್ಳು ಅಂತೀಯಾ?” ಎಂದರು ಪ್ರೊಫೆಸರ್.

“ಎಲ್ಲಾನೂ ಮತ್ತೆ ನೋಡ್ಬೇಕು ಅಂತೀನಿ, ಸರ್. ನನ್ನ ಸಹಿ ಇರೋದನ್ನೂ ಸೇರಿಸಿ.”

“ಈ ಗ್ರಾಫ್ ಯಾರದು?”

“ಅಬೆನಿ ಅವರ ತಮ್ಮಂದು.”

“ಓಹೋ.” ಪ್ರೊಫೆಸರ್ ಕನ್ನಡಕ ತೆಗೆದರು. “ದಿನಾ ವರಾಂಡದಲ್ಲಿ ನಿಂತಿರ್ತಾನಲ್ಲ, ಅವನು. ನಾನೂ ಕಣ್ಣಿಟ್ಕೊಂಡೇ ಓಡಾಡ್ತೀನಿ ಯೆವಾಂಡೆ. ಅವನು ನಿನಗೆ ಏನಾಗ್ಬೇಕು?”

ಕೆಂಡದ ಮೇಲೆ ನಿಂತಂತಾಯಿತು ಅವಳಿಗೆ. ಏನೂ ಇಲ್ಲ ಎಂದರೆ ಮುಗಿಯಿತು, ಅಬೆನಿ ಉಳಿದಾಳು. ಆದರೆ ಗೋಡೆಯ ಸುಳ್ಳನ್ನು ಎತ್ತಿ ತೋರಿಸುತ್ತಾ ತಾನೇ ಒಂದು ಸುಳ್ಳು ಹೇಳುವುದು ಅವಳ ನಾಲಿಗೆಗೆ ಬರಲಿಲ್ಲ.

“ಇನ್ನೂ ಏನೂ ಆಗಿಲ್ಲ, ಸರ್,” ಎಂದಳು. “ಆಗಲಿ ಅಂತ ಆಸೆ ಇದೆ.”

ಕ್ವಾರ್ಟಿ ಹುಬ್ಬೇರಿಸಿದರು. ಪ್ರೊಫೆಸರ್ ಗ್ರಾಫನ್ನು ಮೇಜಿನ ಮೇಲೆ ಹಾಕಿದರು. “ಹಾಗಿದ್ಮೇಲೆ ನಿನ್ನ ಮಾತು ಹೇಗಮ್ಮ ನಂಬೋದು?”

“ನಂಬಬೇಡಿ, ಸರ್. ಅದಕ್ಕೇ ಹೇಳಿದ್ದು. ನನ್ನನ್ನ ಬಿಟ್ಟುಬಿಡಿ, ಅವರನ್ನೂ ಬಿಟ್ಟುಬಿಡಿ.” ಅವಳು ಗೋಡೆಯ ತೂತಿನ ಕಡೆ ಕೈ ತೋರಿಸಿದಳು. “ನಿಮ್ಮ ತೋಳು ಕೊಡಿ.”

ಬಾಗಿಲ ಬಳಿ ನಿಂತಿದ್ದ ನರ್ಸಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಪ್ರೊಫೆಸರರ ಮುಖ ಕಪ್ಪಿಟ್ಟಿತು. ಅವರು ಬೈದು ಅಟ್ಟುತ್ತಾರೆ ಎಂದೇ ಯೆವಾಂಡೆ ಕಾದಳು. ಅವರು ಕೋಟು ಬಿಚ್ಚಿದರು. ಕಫ್ಲಿಂಕ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಪಕ್ಕದ ಸೆಕೆಯ ಕೋಣೆಗೆ ಹೋಗಿ ಟೇಬಲ್ಲಿನ ಮೇಲೆ ಮಲಗಿ, “ಸೂಜಿ ಕ್ವಾರ್ಟಿ ಹಾಕಲಿ. ನೀನು ಮುಟ್ಟಬೇಡ,” ಎಂದರು.

ಬಣ್ಣ ಹೋಯಿತು. ಪೆನ್ನು ಕಿರ್ರೆಂದಿತು. ಕಾಗದ ತಂದವರು ಕ್ವಾರ್ಟಿ. ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಹೇಳಿದರು: “ಪ್ರೊಫೆಸರ್, ನಿಮ್ಮ ಬಾಗಿಲು ಸೋರ್ತಿದೆ. ನಾನೇನೂ ಮಾಡೋಕಾಗಲ್ಲ. ಮನೆಗೆ ಹೋಗಿ ದೇವರ ಧ್ಯಾನ ಮಾಡಿ.”

ಯಾರೂ ನಗಲಿಲ್ಲ. ಪ್ರೊಫೆಸರ್ ಎದ್ದು ಕೂತು ಆ ದಿಬ್ಬವನ್ನು ನೋಡಿದರು. ತಮ್ಮದೇ ಹೃದಯ, ಆ ದಿನ ಬೆಳಿಗ್ಗೆ ಟೆನಿಸ್ ಗೆದ್ದು ಬಂದ ಹೃದಯ.

“ಆ ಟೀಚರಮ್ಮ,” ಎಂದರು ಕೊನೆಗೆ. ಅವರಿಗೂ ಮೊದಲು ನೆನಪಾದದ್ದು ಅವಳೇ. “ಆ ತೂತು ಕೊರೆಸಿದವನು ನಾನು, ಯೆವಾಂಡೆ. ಅದು ನಿನ್ನ ತಲೆ ಮೇಲಲ್ಲ.” ಆಮೇಲೆ ಕೂಗಿದರು: “ಮೆಷಿನ್ನನ್ನ ಈ ಕಡೆ ತಳ್ಳಿ! ಸಣ್ಣ ಟ್ಯೂಬ್ ತನ್ನಿ! ಆ ಹೆಂಗಸನ್ನ ಕರೆಸಿ!”

ಅಬೆನಿಯ ಹೊಸ ಗುಡ್ಡ ದುರೊನದರಷ್ಟು ಚೂಪಾಗಿರಲಿಲ್ಲ. ಆದರೆ ಗುಡ್ಡವೇ. ಕ್ವಾರ್ಟಿ ಅದರ ಮೇಲೆ ಬೆರಳೆಳೆದು, “ಅಂಟಿದೆ. ಸೋರ್ತಿಲ್ಲ. ಬೆಳಿಗ್ಗೆ ಮೊದಲು ಇವರನ್ನೇ ತನ್ನಿ,” ಎಂದರು.

ಆ ಆಸ್ಪತ್ರೆಯಲ್ಲಿ ಸುದ್ದಿಗೆ ಕಾಲಿರಲಿಲ್ಲ, ರೆಕ್ಕೆಯಿತ್ತು. ಬೆಳಿಗ್ಗೆ ಯೆವಾಂಡೆ ಆಪರೇಷನ್ ಥಿಯೇಟರಿನ ಬಾಗಿಲಿಗೆ ಬಂದಾಗ, ಸ್ಟ್ರೆಚರಿನ ಪಕ್ಕ ನಿಂತಿದ್ದ ದುರೊ ತಲೆ ತಗ್ಗಿಸಿ ತನ್ನ ಬೂಟನ್ನೇ ನೋಡತೊಡಗಿದ. ಎಲ್ಲ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು.

“ಪ್ರೊಫೆಸರ್‌ಗೆ ಏನೋ ಹೇಳಿದ್ರಂತೆ,” ಎಂದ.

“ಈಗ ಬೇಡ, ದುರೊ.”

“ಅದೇ ಈಗಲೇ ಬೇಕು,” ಎಂದಳು ಮಲಗಿದ್ದ ಅಬೆನಿ. ಒಳಗೆ ಒಯ್ಯಲು ಬಂದವರನ್ನು ಕೈಯೆತ್ತಿ ನಿಲ್ಲಿಸಿದಳು. ಕೈ ತಣ್ಣಗಿತ್ತು, ಕಣ್ಣಲ್ಲಿ ಹೆದರಿಕೆಯಿತ್ತು. ಆದರೂ ಸಂತೆಯಲ್ಲಿ ಚೌಕಾಸಿಗೆ ಕೂತವಳ ಗತ್ತು ಬಿಟ್ಟಿರಲಿಲ್ಲ. “ಒರಿಕಿ ಹೇಳೋ ತನಕ ನಾನು ಒಳಗೆ ಹೋಗಲ್ಲ. ನನ್ನ ಕಿವೀಲಿ ಹೇಳಿ, ಡಾಕ್ಟರಮ್ಮ. ಹೋದ್ರೆ ನನ್ನ ಜೊತೆನೇ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ. ವಾಪಸ್ ಬಂದ್ರೆ ಅದರಿಂದಲೇ ಕರೀತೀನಿ.”

ಯೆವಾಂಡೆಯ ತಾಯಿ ತೀರಿಕೊಂಡ ಮೇಲೆ ಆ ಹೆಸರನ್ನು ಯಾರೂ ಆಡಿರಲಿಲ್ಲ. ಬಾಲ್ಯದಲ್ಲಿ ಮಲೇರಿಯಾ ಬಂದಾಗ ತಾಯಿ ಆ ಹೆಸರು ಹಿಡಿದು ಕರೆದು ಕರೆದೇ ಕ್ವಿನೈನ್ ನುಂಗಿಸುತ್ತಿದ್ದಳು. ಅವಳು ಬಗ್ಗಿ ಅಬೆನಿಯ ಕಿವಿಯಲ್ಲಿ ಹೇಳಿದಳು. ಅಬೆನಿಯ ಮುಖ ಅರಳಿತು.

“ಎಂಥ ಹೆಸರು,” ಎಂದಳು. “ಲೋ ದುರೊ, ನಿನಗೆ ಕೇಳಿಸ್ತಾ?”

“ಇಲ್ಲ.”

“ಹಾಗಾದ್ರೆ ನಾನು ಬದುಕ್ಲಿ ಅಂತ ಬೇಡ್ಕೋ.”

ಬಾಗಿಲು ಮುಚ್ಚಿತು.

ಕಾಯುವವರ ಬೆಂಚಿನಲ್ಲಿ ಅವರಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಸ್ವಲ್ಪ ಹೊತ್ತಿಗೆ ಪ್ರೊಫೆಸರ್ ಬಂದು ಆ ಜಾಗದಲ್ಲಿ ಕೂತರು. ಮಣಿಕಟ್ಟಿಗೆ ದುರೊನ ಮಣಿಕಟ್ಟಿನಂಥದೇ ಪಟ್ಟಿ. ಇಬ್ಬರೂ ಒಬ್ಬರ ಪಟ್ಟಿಯನ್ನೊಬ್ಬರು ನೋಡಿಕೊಂಡರು. ದುರೊ ಎದ್ದು ಅಡ್ಡಬೀಳಲು ಹೋದ. “ಕೂತ್ಕೊಳಯ್ಯ, ನೆಲ ಒದ್ದೆ ಇದೆ,” ಎಂದರು ಅವರು. ತಾವೇ ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತರು. ನಡುವಿನ ಜಾಗ ಖಾಲಿಯಾಯಿತು. ದುರೊ ಸರಿದು ಅದಕ್ಕೆ ಬಂದ.

ಕ್ವಾರ್ಟಿ ಹೊರಬಂದಾಗ ಬೆವರಿನಲ್ಲಿ ತೊಯ್ದಿದ್ದರು. ತೋರುಬೆರಳನ್ನು ಎತ್ತಿ ತೋರಿಸಿದರು. “ತೆರೀತು. ಇನ್ನು ಕಣ್ಣು ಬಿಡೋದು ಅವರಿಗೆ ಬಿಟ್ಟಿದ್ದು.”

ಅಬೆನಿ ಕಣ್ಣು ಬಿಡಲಿಲ್ಲ. ಮಧ್ಯಾಹ್ನ ಕಳೆಯಿತು, ಬಿಡಲಿಲ್ಲ. ಧೂಳಿನಾಚೆ ಸೂರ್ಯ ಕೆಂಪಾಗಿ ಇಳಿಯತೊಡಗಿದ, ಆಗಲೂ ಬಿಡಲಿಲ್ಲ. ಯೆವಾಂಡೆ ಎಷ್ಟೋ ಸಲ ನಾಡಿ ನೋಡಿದಳು, ಪ್ರತಿ ಸಲವೂ ದುರೊ ಅವಳ ಮುಖ ನೋಡಿದ. ಒಮ್ಮೆ ಅವನು ಅಕ್ಕನ ಕೈಯ ಹತ್ತಿರ ತಲೆಯಿಟ್ಟು, ನೀಲಿ ಬಣ್ಣ ಇನ್ನೂ ಉಳಿದಿದ್ದ ಅವಳ ಉಗುರುಗಳನ್ನು ಸವರುತ್ತಾ, “ಇದ್ದು ಬಾಳಕ್ಕಾ, ಇದ್ದು ಬಾಳು,” ಎಂದದ್ದು ಯೆವಾಂಡೆಗೆ ಕೇಳಿಸಿತು. ಅವಳು ಕಿಟಕಿಯ ಕಡೆ ತಿರುಗಿ ನಿಂತಳು.

ಆಗ ಹಿಂದಿನಿಂದ ಒಂದು ಒಡಕು ದನಿ ಬಂತು.

“ಅಮೋಕೆ...”

ದುರೊ ಧಡಕ್ಕನೆ ಎದ್ದ. “ಅಕ್ಕಾ! ಯಾರನ್ನ ಕರೀತಿದಾಳೆ? ಡಾಕ್ಟರೇ, ಬಡಬಡಿಸ್ತಿದಾಳಾ? ಅಮೋಕೆ ಅಂತ ನಮ್ಮನೇಲಿ ಯಾರೂ ಇಲ್ಲ.”

ಯೆವಾಂಡೆ, ಹಿರಿಯರು ಕರೆದಾಗ ಮನೆಯ ಹೆಣ್ಣುಮಕ್ಕಳು ಮಾಡುವಂತೆ ಮಂಚದ ಪಕ್ಕ ಎರಡೂ ಮಂಡಿಯೂರಿದಳು.

“ಬಂದೆ ಅಕ್ಕಾ,” ಎಂದಳು. ಕಣ್ಣೀರು ಕೋಟಿನ ಮೇಲೆ ತೊಟ್ಟಿಕ್ಕಿತು, ಒರೆಸಿಕೊಳ್ಳಲಿಲ್ಲ.

ದುರೊ ಅಕ್ಕನನ್ನು ನೋಡಿದ, ಮಂಡಿಯೂರಿದವಳನ್ನು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಮೋಕೆ. ತಿಳಿದರೆ ಮುದ್ದಿಸದೆ ಇರಲಾಗದವಳು ಎಂದು ಅರ್ಥ. ಅವನೂ ಅವಳ ಪಕ್ಕ ಮಂಡಿಯೂರಿದ.

“ಅಮೋಕೆ,” ಎಂದ, ಮೊದಲ ಸಲ, ಬಹಳ ಮೆಲ್ಲಗೆ.

“ಅಮ್ಮ ಹಾಗೆ ಕರೆದು ನನಗೆ ಕ್ವಿನೈನ್ ಕುಡಿಸ್ತಿದ್ಲು,” ಎಂದಳು ಅವಳು, ಅಳುತ್ತಲೇ. “ನೀನು ಯಾತಕ್ಕೆ ಕರೀತಿದೀಯ?”

“ನಮ್ಮನೆಗೆ ಬಾ ಅಂತ.”

“ಅದಕ್ಕಿಂತ ಕಹಿ ಇರಲ್ಲ ತಾನೇ?”

“ಬೇಗ ಹೂಂ ಅನ್ನೇ ಅಮೋಕೆ,” ಎಂದಳು ಅಬೆನಿ, ಕಣ್ಣು ಮುಚ್ಚಿಕೊಂಡೇ. “ನನಗೆ ಬಾಯಾರ್ತಿದೆ.”